ಕಿಮೋ ನಡೆಯುವಾಗ ಅರಿಶಿನದ ಕ್ಯಾಪ್ಸೂಲ್ ಕೊಡಬಹುದೇ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಗಿದೆ. ಈಗ ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ 14 ದಿನ ಕೆಪೆಸಿಟಬಿನ್ ಮಾತ್ರೆ. ನೆಂಟರೊಬ್ಬರು ಅರಿಶಿನದ ಸಾರವಾದ ಕರ್ಕ್ಯುಮಿನ್ ಕ್ಯಾಪ್ಸೂಲ್ ತಂದುಕೊಟ್ಟು, ಅಮೃತಬಳ್ಳಿ ಕಷಾಯವನ್ನೂ ಕುಡಿಸಿ, ಗಿಡಮೂಲಿಕೆ ತಾನೇ ಅನ್ನುತ್ತಿದ್ದಾರೆ. ಕೊಡಬಹುದೇ?

ಉತ್ತರ: ಸಾರು, ಪಲ್ಯಕ್ಕೆ ಹಾಕುವ ಅರಿಶಿನ ಹಾಗೇ ಇರಲಿ. ಕ್ಯಾಪ್ಸೂಲ್, ಕಷಾಯ ಎರಡೂ ಕಿಮೋ ಮುಗಿಯುವವರೆಗೆ ಬೇಡ.

ಗಿಡಮೂಲಿಕೆಯಲ್ಲಿ ಕಸುವಿಲ್ಲ ಎಂದಲ್ಲ. ಇದೇ ಕಾಯಿಲೆಗೆ ಕೊಡುವ ಇರಿನೊಟೆಕಾನ್ ಎಂಬ ಕಿಮೋ ಔಷಧದ ಮೂಲ ಕ್ಯಾಂಪ್ಟೊಥೆಸಿನ್. ಅದು ನಮ್ಮ ಪಶ್ಚಿಮಘಟ್ಟದ ನರ್ಕ್ಯಾ ಮರದಲ್ಲೂ ಇದೆ. ಕಸುವಿರುವುದರಿಂದಲೇ ಅಳತೆ ಬೇಕು.

ಕರ್ಕ್ಯುಮಿನ್ನನ್ನು ಕಿಮೋ ಜೊತೆ ಕೊಟ್ಟು ನೋಡಿದ್ದಾರೆ. ಬ್ರಿಟನ್ನಿನ ಲೆಸ್ಟರ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರಿಗೆ ಫಾಲ್‌ಫಾಕ್ಸ್ (ಆಕ್ಸಾಲಿಪ್ಲಾಟಿನ್ ಸೇರಿದ ಇನ್ನೊಂದು ಜೋಡಣೆ) ಕಿಮೋ ಜೊತೆ ದಿನಕ್ಕೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ತಡೆದುಕೊಂಡರು, ಬದುಕಿದ ಅವಧಿಯೂ ಹೆಚ್ಚಿದಂತೆ ಕಂಡಿತು. ಆದರೆ ಇದ್ದದ್ದು ಒಟ್ಟು 28 ಜನ, ಎಲ್ಲರಿಗೂ ಕಾಯಿಲೆ ಬೇರೆ ಅಂಗಗಳಿಗೆ ಹರಡಿತ್ತು. ಗೆಡ್ಡೆ ತೆಗೆಸಿಕೊಂಡಿರುವ ನಿಮ್ಮ ತಂದೆಯ ಲೆಕ್ಕವೇ ಬೇರೆ. ಅಂದಹಾಗೆ, ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3%. ಆ 2 ಗ್ರಾಂ ಸಿಗಲು ದಿನಕ್ಕೆ 65 ಗ್ರಾಂ ಪುಡಿ ತಿನ್ನಬೇಕು!

ಈಗ ಬಾಟಲಿಯ ಹಿಂದಿನ ಚೀಟಿ ಓದಿ. "ಪೈಪರಿನ್" ಅಂತ ಇದೆಯೇ? ಅದು ಕರಿಮೆಣಸಿನ ಸಾರ. ಕರ್ಕ್ಯುಮಿನ್ ಒಂಟಿಯಾಗಿ ರಕ್ತಕ್ಕೆ ಹೆಚ್ಚು ಸೇರುವುದಿಲ್ಲ, ಸೇರಿದ್ದನ್ನು ಪಿತ್ತಜನಕಾಂಗ ಬೇಗ ಹೊರಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತದಲ್ಲಿ ಅದರ ಪ್ರಮಾಣ 20 ಪಟ್ಟಾಯಿತು. ಪೈಪರಿನ್ ಪಿತ್ತಜನಕಾಂಗದ ಕೈ ಕಟ್ಟಿಹಾಕುವುದೇ ಇದರ ಗುಟ್ಟು. ಕಟ್ಟಿದ ಕೈ ಬೇರೆ ಔಷಧಿಗೂ ಒದಗುವುದಿಲ್ಲ: ಫಿಟ್ಸ್‌ನ ಫೆನಿಟೊಯಿನ್, ಬಿಪಿಯ ಪ್ರೊಪ್ರನೊಲಾಲ್ ಕೂಡ ರಕ್ತದಲ್ಲಿ ಏರುತ್ತವೆ. ರಸಂನ ಮೆಣಸಿಗೆ ಈ ಹೆದರಿಕೆ ಬೇಡ.

ಅರಿಶಿನದ ಸಾರದಿಂದ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದ 10 ಮಂದಿಯ ಬಗ್ಗೆ 2022ರಲ್ಲಿ ಅಮೆರಿಕದಿಂದ ವರದಿ ಬಂತು. ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅಮೃತಬಳ್ಳಿಯಿಂದ ಹೆಪಟೈಟಿಸ್ (ಪಿತ್ತಜನಕಾಂಗದ ಉರಿಯೂತ) ಆದವರು ನಮ್ಮ ದೇಶದಲ್ಲೇ ಇದ್ದಾರೆ. ಆಕ್ಸಾಲಿಪ್ಲಾಟಿನ್ ಸಹ ಎಸ್‌ಜಿಪಿಟಿ (ಪಿತ್ತಜನಕಾಂಗಕ್ಕೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಕಿಣ್ವ) ಏರಿಸಬಲ್ಲದು. ಮೂರೂ ಒಟ್ಟಿಗೆ ಮೈಗೆ ಸೇರಿದರೆ ಯಾವುದರಿಂದ ಏರಿತೆಂದು ಡಾಕ್ಟರಿಗೆ ತಿಳಿಯದು, ಮುಂದಿನ ಸುತ್ತಿನ ಕಿಮೋ ಮುಂದೂಡುತ್ತಾರೆ. ನಿಜವಾದ ನಷ್ಟ ಅದೇ.

ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ. ಎಂದಿನಿಂದ, ದಿನಕ್ಕೆ ಎಷ್ಟು ಎಂದು ಬರೆದು, ಬಾಟಲಿ ಸಮೇತ ಮುಂದಿನ ರಕ್ತಪರೀಕ್ಷೆಯ ದಿನ ಕ್ಯಾನ್ಸರ್ ತಜ್ಞರಿಗೆ ತೋರಿಸಿ. ಮೂತ್ರ ಕಡುಹಳದಿಯಾದರೆ, ಕಣ್ಣು ಹಳದಿ ಬಂದರೆ, ಮೈಯೆಲ್ಲ ತುರಿಸಿದರೆ ಅಲ್ಲಿವರೆಗೂ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.