ದೇವರಾಗಿದ್ದರೆ ಅತ್ತಿದ್ದು ಯಾಕೆ?

(ಈ ಅಂಕಣದಲ್ಲಿ ಉತ್ತರಿಸುವವರು ಶಿವಮೊಗ್ಗದ ಒಬ್ಬ ನಿವೃತ್ತ ಶಿಕ್ಷಕಿ. ತಮ್ಮ ಚರ್ಚಿನಲ್ಲಿ 26 ವರ್ಷ ಮಕ್ಕಳಿಗೆ ಭಾನುವಾರದ ಧರ್ಮೋಪದೇಶ ತರಗತಿ ನಡೆಸಿದ್ದಾರೆ.)

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದೇನೆ. ನಾವು ಹಿಂದೂಗಳು. ಗರಿಗಳ ಭಾನುವಾರ ಹಾಸ್ಟೆಲ್ ಗೆಳತಿಯ ಜೊತೆ ಚರ್ಚಿಗೆ ಹೋಗಿದ್ದೆ. ಯೇಸು ಶಿಲುಬೆಯ ಮೇಲೆ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ?" ಎಂದು ಕೂಗಿದರು ಅಂತ ಓದಿದರು. ಅವರೇ ದೇವರಾದರೆ ಯಾರನ್ನು ಕೂಗಿದರು? ಗೆಳತಿಯನ್ನು ಕೇಳಿದೆ. "ಅದು ರಹಸ್ಯ ಕಣೇ" ಅಂದು ಸುಮ್ಮನಾದಳು. ಯೇಸು ಅರ್ಧ ದೇವರು, ಅರ್ಧ ಮನುಷ್ಯ ಅಂತಾನಾ?

ಉತ್ತರ: ನೀನು ನನ್ನ ಮೊಮ್ಮಗಳ ವಯಸ್ಸಿನವಳು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಗೆಳತಿ ಸುಮ್ಮನಾದಳು ಅಂತ ಬೇಸರ ಬೇಡ. ಈ ಪ್ರಶ್ನೆಗೆ ಒಂದು ಗಟ್ಟಿ ಮಾತು ಹೇಳಲು ಚರ್ಚಿಗೇ ನಾನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಮೊದಲು, ಯಾರನ್ನು ಕೂಗಿದರು ಅನ್ನುವುದು. ತಂದೆಯನ್ನು. ಕ್ರೈಸ್ತರ ನಂಬಿಕೆಯಲ್ಲಿ ದೇವರು ಒಬ್ಬರೇ. ಆ ಒಬ್ಬ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಇದ್ದಾರೆ. ಮನುಷ್ಯರಾಗಿ ಹುಟ್ಟಿದ್ದು ಮಗ. ಮಗ ತಂದೆಯನ್ನು ಕೂಗಿದರು, ತಮ್ಮನ್ನು ತಾವೇ ಕೂಗಿಕೊಂಡದ್ದಲ್ಲ. ಆ ಮಾತು ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು. ಯೇಸು ಚಿಕ್ಕಂದಿನಿಂದ ಬಲ್ಲ ಪ್ರಾರ್ಥನೆ. ಆ ಕೀರ್ತನೆ ಕೊನೆಗೆ ದೇವರ ಸ್ತುತಿಯಲ್ಲಿ ಮುಗಿಯುತ್ತದೆ. ಕೆಲವರು ಇದನ್ನೇ ತೋರಿಸಿ, "ನೋಡಿ, ಅವರಿಗೆ ಒಳಗೆ ಸಂಕಟ ಇರಲಿಲ್ಲ, ಸುಮ್ನೆ ಕೀರ್ತನೆ ಹೇಳಿದರು" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಉಸಿರು ಕಟ್ಟುತ್ತಿರುವವರ ಕೂಗು ಅದು. ಮಾರ್ಕ ತನ್ನ ಶುಭಸಂದೇಶವನ್ನು, ಅಂದರೆ ಯೇಸುವಿನ ಕಥೆಯನ್ನು, ಬರೆದದ್ದು ಗ್ರೀಕ್ ಭಾಷೆಯಲ್ಲಿ. ಆದರೆ ಈ ಸಾಲನ್ನು ಯೇಸು ಆಡುತ್ತಿದ್ದ ಅರಮಾಯಿಕ್ ಮಾತಿನಲ್ಲೇ ಉಳಿಸಿ, ಆಮೇಲೆ ಅರ್ಥ ಹೇಳುತ್ತಾನೆ: "ಎಲೋಯಿ, ಎಲೋಯಿ, ಲಮಾ ಸಬಕ್ತಾನಿ." ಕೇಳಿದವರ ಕಿವಿಯಿಂದ ಆ ದನಿ ಹೋಗಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ.

ಈಗ ಅರ್ಧ ಅರ್ಧದ ವಿಷಯ. ಇಲ್ಲ. ಪೂರ್ತಿ ದೇವರು, ಪೂರ್ತಿ ಮನುಷ್ಯ, ಆದರೆ ಒಬ್ಬರೇ. ಇದೇ ಚರ್ಚಿನ ಮಾತು. ಲೆಕ್ಕ ಕೂಡುವುದಿಲ್ಲ, ಅಲ್ವಾ? ಕೂಡಿಸಲು ಹೊರಟವರು ಬಹಳ ಜನ. ಈಜಿಪ್ಟಿನ ಅಲೆಕ್ಸಾಂಡ್ರಿಯದ ಗುರು ಆರಿಯಸ್, ಮಗನೂ ದೇವರು ಸೃಷ್ಟಿಸಿದವನೇ, ಎಲ್ಲರಿಗಿಂತ ಮೇಲಿನವನು ಅಷ್ಟೇ ಅಂದ. 325ರಲ್ಲಿ ನಿಸೇಯದಲ್ಲಿ, ಅಂದರೆ ಈಗಿನ ತುರ್ಕಿಯ ಇಜ್ನಿಕ್‌ನಲ್ಲಿ, ಬಿಷಪ್‌ಗಳು ಸೇರಿ ಅದನ್ನು ತಳ್ಳಿಹಾಕಿದರು. ಭಾನುವಾರದ ಪೂಜೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣದ ಬೇರು ಆ ಸಭೆಯಲ್ಲೇ ಇದೆ. ಆರಿಯಸ್‌ಗಿಂತ ಮುಂಚೆ ಇನ್ನು ಕೆಲವರು ಯೇಸುವಿನ ದೇಹವೇ ಬರೀ ತೋರಿಕೆ ಎಂದಿದ್ದರು.

ನೀನು ಕೇಳಿದ 'ಅರ್ಧ ಅರ್ಧ'ಕ್ಕೆ ತೀರಾ ಹತ್ತಿರ ಬಂದವನು ಲವೊದಿಕೇಯದ ಬಿಷಪ್ ಅಪೊಲಿನಾರಿಸ್. ಆರಿಯಸ್‌ನ ವಿರುದ್ಧ ನಿಂತು, ಯೇಸು ದೇವರೇ ಎಂದು ವಾದ ಮಾಡಿದವನು. ಆ ಭರದಲ್ಲಿ ಇನ್ನೊಂದು ಕಡೆ ಜಾರಿದ. ಯೇಸುವಿಗೆ ಮನುಷ್ಯರ ದೇಹ ಇತ್ತು, ಆದರೆ ಮನುಷ್ಯರ ಮನಸ್ಸು, ಬುದ್ಧಿ ಇರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ (ಮಗನಿಗೆ ಬೈಬಲ್ ಕೊಡುವ ಹೆಸರು ಇದು) ಇತ್ತು ಅಂದ. ಕೇಳಲು ಸಲೀಸು. ಮನುಷ್ಯರ ಮನಸ್ಸು ಚಂಚಲ, ಅದು ಇಲ್ಲದಿದ್ದರೇ ಒಳ್ಳೆಯದಲ್ವಾ ಅನ್ನಿಸುತ್ತದೆ. ಇದಕ್ಕೆ ನಾಜಿಯಾನ್ಸಿನ ಗ್ರೆಗೊರಿ ಎಂಬ ಬಿಷಪ್ ಒಂದು ಪತ್ರದಲ್ಲಿ ಉತ್ತರ ಕೊಟ್ಟರು. ಅದರ ತಿರುಳು ಇಷ್ಟು: ಯಾವುದನ್ನು ಅವರು ತಮ್ಮದಾಗಿ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ.

ಈ ಸಾಲು ನನ್ನ ಕೈಗೆ ಬಂದದ್ದು ಹೇಗೆ ಅಂತ ಹೇಳಬೇಕು. ನನ್ನ ತಮ್ಮನಿಗೆ 19ನೇ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆ ಶುರುವಾಯಿತು. ರಾತ್ರಿ ನಿದ್ದೆ ಇಲ್ಲ. ಯಾರೋ ಮಾತಾಡುತ್ತಾರೆ ಅನ್ನುತ್ತಿದ್ದ. ಮದ್ದು ಸಿಗುವ ಮೊದಲು ಮನೆಯವರು ಪ್ರಾರ್ಥನಾ ಕೂಟಗಳಿಗೆ ಕರೆದುಕೊಂಡು ಹೋದರು. ಒಂದು ಕಡೆ ಒಬ್ಬರು, ಅವನ ವಿಶ್ವಾಸ ಕಮ್ಮಿ, ಅದಕ್ಕೇ ಹೀಗೆ ಅಂದುಬಿಟ್ಟರು. ಅವನ ಎದುರಿಗೇ. ಆ ಮಾತು ಅವನನ್ನು ಬಿಡಲೇ ಇಲ್ಲ. ಸುಮಾರು ವರ್ಷದ ಮೇಲೆ, ದೃಢೀಕರಣ ಎಂಬ ಸಂಸ್ಕಾರಕ್ಕೆ ಮಕ್ಕಳನ್ನು ತಯಾರು ಮಾಡಲು ಫಾದರ್ ಹತ್ತಿರ ಒಂದು ಪುಸ್ತಕ ಕೇಳಿ ತಂದಿದ್ದೆ. ಅದರಲ್ಲಿ ಗ್ರೆಗೊರಿಯ ಈ ಸಾಲು ಇತ್ತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ಒಲೆಯ ಮೇಲೆ ಗಂಜಿ ಉಕ್ಕಿ ಹೋಯಿತು, ನನಗೆ ಗೊತ್ತಾಗಲಿಲ್ಲ. ಅವರು ತೆಗೆದುಕೊಂಡದ್ದು ಬರೀ ಕೈಕಾಲು ಅಲ್ಲ. ಮನಸ್ಸನ್ನೂ ತೆಗೆದುಕೊಂಡರು. ಹೆದರುವ, ಕುಸಿಯುವ ಮನುಷ್ಯರ ಮನಸ್ಸು. ಹಾಗಾದರೆ ನನ್ನ ತಮ್ಮನ ಮನಸ್ಸಿಗೂ ಅವರಲ್ಲಿ ಜಾಗ ಇದೆ.

ಅವನಿಗೆ ನಿದ್ದೆ ಬಾರದ ರಾತ್ರಿ, ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿಯ ಗೆತ್ಸೆಮನೆ ತೋಟದ ಭಾಗ ಓದುತ್ತಿದ್ದೆ. ಯೇಸು ದಿಗಿಲುಪಟ್ಟು, ಪ್ರಾಣ ಹೋಗುವಷ್ಟು ದುಃಖ ಆಗಿದೆ ಎಂದು ಶಿಷ್ಯರಿಗೆ ಹೇಳುವ ಭಾಗ. ಶಿಷ್ಯರು ನಿದ್ದೆ ಹೋಗಿರುತ್ತಾರೆ. "ಅವರಿಗೂ ನಿದ್ದೆ ಬರಲಿಲ್ಲ ಅಲ್ವಾ ಅಕ್ಕ?" ಅಂತ ಪ್ರತಿ ಸಲ ಕೇಳುತ್ತಿದ್ದ. ಹೂಂ ಕಣೋ ಅನ್ನುತ್ತಿದ್ದೆ. ಅವನು ಮಾತ್ರೆ ತಗೊಂಡು, ನಮ್ಮ ಜೊತೆಯಲ್ಲೇ 52 ವರ್ಷದವರೆಗೆ ಬದುಕಿದ. ಆ ಕೂಟದವರ ಮಾತಿಗೆ ಅವನಲ್ಲಿದ್ದ ಉತ್ತರ ಈ ತೋಟದ ಕಥೆ ಒಂದೇ.

ನೀನು ಕೇಳಬಹುದು: ಹಾಗಾದರೆ ನಮ್ಮ ಹಾಗೆ ಸಂಕಟಪಡುವ ಒಬ್ಬ ಒಳ್ಳೆಯ ಮನುಷ್ಯ ಸಾಕಲ್ವಾ, ದೇವರು ಅನ್ನುವುದು ಯಾಕೆ? ಯೊವಾನ್ನನ ಶುಭಸಂದೇಶದ 11ನೇ ಅಧ್ಯಾಯ ಓದು. ಗೆಳೆಯ ಲಾಜರ ಸತ್ತು ನಾಲ್ಕು ದಿನ ಆಗಿದೆ. ಅಕ್ಕತಂಗಿಯರು ಅಳುತ್ತಿದ್ದಾರೆ. ಯೇಸುವೂ ಅಳುತ್ತಾರೆ. ಆಮೇಲೆ ಗವಿಯ ಮುಂದೆ ನಿಂತು, "ಲಾಜರನೇ, ಹೊರಗೆ ಬಾ" ಅನ್ನುತ್ತಾರೆ. ಅತ್ತ ಗಂಟಲೇ ಕರೆದದ್ದು. ಬರೀ ಅಳುವವರು ನಮ್ಮ ಪಕ್ಕದಲ್ಲಿ ಕೂರಬಹುದು. ಬರೀ ಕರೆಯುವವರಿಗೆ ನಮ್ಮ ನೋವು ಗೊತ್ತಾಗಲಿಕ್ಕಿಲ್ಲ. ನನಗೆ ಇಬ್ಬರೂ ಬೇಕಿತ್ತು, ಒಬ್ಬರಲ್ಲೇ ಬೇಕಿತ್ತು.

ಪ್ರಶ್ನೆ: ನಾನು ಮಂಗಳೂರಿನವಳು, ಕುವೈತಿನಲ್ಲಿ ನರ್ಸ್. ನನ್ನ ಜೊತೆ ಕೆಲಸ ಮಾಡುವ ಈಜಿಪ್ಟಿನ ಗೆಳತಿ ಕಾಪ್ಟಿಕ್ ಚರ್ಚಿನವಳು. "ನೀವು ಕ್ರಿಸ್ತರಿಗೆ ಎರಡು ಸ್ವಭಾವ ಅನ್ನುತ್ತೀರಿ, ನಾವು ಒಂದೇ ಅನ್ನುತ್ತೇವೆ" ಅಂದಳು. ಊಟದ ಹೊತ್ತಿಗೆ ಶುರುವಾದ ಮಾತು ಸ್ವಲ್ಪ ಬಿಸಿಯಾಯಿತು. ಟೀಚರ್, ನಾವಿಬ್ಬರೂ ನಂಬುವ ಕ್ರಿಸ್ತ ಬೇರೆಬೇರೆಯಾ?

ಉತ್ತರ: ಬೇರೆ ಅಲ್ಲ. ಆದರೆ ನಿಮ್ಮ ಊಟದ ಮೇಜಿನ ಜಗಳ 451ರದ್ದು. ಆ ವರ್ಷ ಕಾಲ್ಸಿದೋನ್‌ನಲ್ಲಿ ಬಿಷಪ್‌ಗಳ ಮಹಾಸಭೆ ನಡೆಯಿತು. ಈಗ ಅದು ಇಸ್ತಾಂಬುಲ್ ನಗರದ ಕಾದಿಕಾಯ್, ಏಷ್ಯಾದ ದಡದಲ್ಲಿದೆ. ಯೇಸುವಿನ ಮನುಷ್ಯ ಸ್ವಭಾವ ದೈವ ಸ್ವಭಾವದಲ್ಲಿ ಕರಗಿಹೋಯಿತು ಎಂಬ ಅರ್ಥ ಬರುವಂತೆ ಯೂತಿಕಸ್ ಎಂಬ ಹಿರಿಯ ಸನ್ಯಾಸಿ ಕಲಿಸಿದ್ದ. ಸಭೆ ಅದನ್ನು ಒಪ್ಪಲಿಲ್ಲ. ಒಬ್ಬ ಕ್ರಿಸ್ತ, ಎರಡು ಸ್ವಭಾವ ಎಂದು ಹೇಳಿ ನಾಲ್ಕು ಪದ ಸೇರಿಸಿತು. ನಾನು ಮಕ್ಕಳಿಗೆ ಅದನ್ನು ಕನ್ನಡದಲ್ಲಿ ಹೀಗೆ ಬಾಯಿಪಾಠ ಮಾಡಿಸುತ್ತಿದ್ದೆ: ಬೆರೆಯದೆ, ಬದಲಾಗದೆ, ಭಾಗವಾಗದೆ, ಬೇರೆಯಾಗದೆ. ನಾಲ್ಕೂ 'ಅಲ್ಲ' ಅನ್ನುವ ಪದಗಳೇ, ನೋಡಿ. ಹೇಗೆ ಕೂಡಿದೆ ಅಂತ ಸಭೆ ಹೇಳಲೇ ಇಲ್ಲ. ಯಾವ ಕಡೆ ಬೀಳಬಾರದು ಅಂತ ಮಾತ್ರ ನಾಲ್ಕು ಬೇಲಿ ಹಾಕಿತು. ಆ ಸಂಯಮ ನನಗೆ ಬಹಳ ಇಷ್ಟ.

ಈಜಿಪ್ಟಿನವರಿಗೆ 'ಎರಡು' ಅನ್ನುವ ಪದವೇ ಚುಚ್ಚಿತು. ಯೇಸುವನ್ನು ಇಬ್ಬರಾಗಿ ಸೀಳಿದ ಹಾಗೆ ಕೇಳಿಸಿತು. ಅದಕ್ಕೆ ಕಾರಣ ಇತ್ತು. 20 ವರ್ಷ ಮುಂಚೆ, 431ರಲ್ಲಿ, ಎಫೆಸದ ಸಭೆಯಲ್ಲಿ ಅದೇ ಜಗಳ ಆಗಿತ್ತು. ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್, ಯೇಸುವಿನ ತಾಯಿ ಮರಿಯಮ್ಮನವರನ್ನು ಕ್ರಿಸ್ತಮಾತೆ ಅನ್ನಿ, ದೇವಮಾತೆ ಅನ್ನುವುದು ಸರಿಯಲ್ಲ ಅಂದಿದ್ದರು. ಅಲೆಕ್ಸಾಂಡ್ರಿಯದ ಸಿರಿಲ್ ಬಿಡಲಿಲ್ಲ: ಅವರ ಮಡಿಲಲ್ಲಿದ್ದ ಕೂಸೇ ದೇವರ ಮಗ, ಇಬ್ಬರಿಲ್ಲ. ನೀವು ಮನೆಯಲ್ಲಿ ಕೊಂಕಣಿ ತೇರ್ಸಾದಲ್ಲಿ (ಜಪಸರದ ಪ್ರಾರ್ಥನೆಯಲ್ಲಿ) "ದೆವಾಚೆ ಮಾಯೆ", ದೇವಮಾತೆ, ಅನ್ನುತ್ತೀರಲ್ಲ, ಆ ಮಾತು ಆ ಸಭೆಯಲ್ಲಿ ಉಳಿದುಕೊಂಡದ್ದು. ಅದೇ ಸಿರಿಲ್ ಮನುಷ್ಯರಾದ ವಾಕ್ಯದ 'ಒಂದೇ ಸ್ವಭಾವ' ಎಂದು ಬರೆದಿದ್ದರು. ಕಾಪ್ಟಿಕ್ ಚರ್ಚ್ ಹಿಡಿದುಕೊಂಡದ್ದು ಆ ಮಾತನ್ನು. ಅವರೂ ಯೂತಿಕಸ್‌ನನ್ನು ಒಪ್ಪುವುದಿಲ್ಲ. ಅವರ 'ಒಂದು' ಅಂದರೆ ದೈವ, ಮಾನವ ಎರಡೂ ಕೂಡಿದ ಒಂದು. ಚಕ್ರವರ್ತಿಗಳ ಬಲವಂತವೂ ಸೇರಿ ಗಾಯ ದೊಡ್ಡದಾಯಿತು. ಸಿರಿಯಾ, ಅರ್ಮೇನಿಯಾ, ಇಥಿಯೋಪಿಯಾದ ಹಳೆಯ ಚರ್ಚುಗಳೂ, ನಮ್ಮ ಪಕ್ಕದ ಕೇರಳದ ಆರ್ಥೊಡಾಕ್ಸ್ ಮತ್ತು ಯಾಕೋಬಾಯರೂ ಇದೇ ಬಳಗದವರು.

ಹಳೆಯ ಗುರುಗಳು ಒಂದು ಹೋಲಿಕೆ ಕೊಡುತ್ತಿದ್ದರು, ಬೆಂಕಿಯಲ್ಲಿಟ್ಟ ಕಬ್ಬಿಣ. ಉಡುಪಿ ಕಡೆಯ ನಮ್ಮ ಹಳ್ಳಿಯಲ್ಲಿ ಶಾಲೆಗೆ ಹೋಗುವ ದಾರಿಯಲ್ಲೇ ಕುಲುಮೆ ಇತ್ತು. ತಿದಿ ಒತ್ತುವುದನ್ನು ನೋಡುತ್ತಾ ನಿಂತು ಎಷ್ಟೋ ದಿನ ಬೆಲ್ ತಪ್ಪಿಸಿಕೊಂಡಿದ್ದೇನೆ. ಇಕ್ಕಳದಲ್ಲಿ ಹಿಡಿದು ಹೊರಗೆ ತೆಗೆದ ಕತ್ತಿ ಕೆಂಪಗೆ ಹೊಳೆಯುತ್ತಿತ್ತು. ಎಲ್ಲಿ ಕಬ್ಬಿಣ ಮುಗಿದು ಎಲ್ಲಿ ಬೆಂಕಿ ಶುರು ಅಂತ ತೋರಿಸಲು ಆಗುವುದಿಲ್ಲ. ಸುತ್ತಿಗೆ ಏಟು ಬಿದ್ದರೆ ಬಗ್ಗುವುದು ಕಬ್ಬಿಣ, ಮುಟ್ಟಿದರೆ ಸುಡುವುದು ಬೆಂಕಿ. ಆದರೆ ಕತ್ತಿ ಒಂದೇ. ಹೋಲಿಕೆಗೆ ಮಿತಿ ಇದೆ, ನೀರಿಗೆ ಅದ್ದಿದರೆ ಬೆಂಕಿ ಹೋಗಿಬಿಡುತ್ತದೆ. ಯೇಸುವಿನಲ್ಲಿ ಅದು ಯಾವತ್ತೂ ಹೋಗಲಿಲ್ಲ ಅಂತ ನೀವೂ ನಂಬುತ್ತೀರಿ, ನಿಮ್ಮ ಗೆಳತಿಯೂ ನಂಬುತ್ತಾಳೆ.

ಅವಳನ್ನು ಒಂದು ಕೇಳಿ. ಅವರ ಪೂಜೆಯಲ್ಲಿ ಪ್ರಸಾದ ಕೊಡುವ ಮೊದಲು ಒಂದು ಮಾತು ಹೇಳುತ್ತಾರೆ: ಅವರ ದೈವತ್ವ ಅವರ ಮನುಷ್ಯತ್ವದಿಂದ ಒಂದು ಕ್ಷಣವೂ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇರೆಯಾಗಲಿಲ್ಲ. 1973ರಲ್ಲಿ ಪೋಪ್ ಆರನೇ ಪೌಲ್ ಮತ್ತು ಕಾಪ್ಟಿಕ್ ಪೋಪ್ ಮೂರನೇ ಶೆನೂಡಾ ಇಬ್ಬರೂ ಸೇರಿ ಸಹಿ ಹಾಕಿದ ಹೇಳಿಕೆಯಲ್ಲಿ ಆ ಮಾತೇ ಇದೆ. ಕ್ರಿಸ್ತರು ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ನಾಳೆ ಊಟಕ್ಕೆ ಕೂತಾಗ ಇದನ್ನು ಹೇಳಿ. ಸಿಟ್ಟು ಇಳಿಯುತ್ತದೆ.

ಪ್ರಶ್ನೆ: ಯೇಸು ಮನುಷ್ಯರಾಗಿ ಬಂದದ್ದಕ್ಕೆ ಹಳೆಯ ಕನ್ನಡ ಬೈಬಲ್‌ನಲ್ಲಿ 'ನರಾವತಾರ' ಎಂದೇ ಇದೆ. ಹಾಗಾದರೆ ಇದು ನಮ್ಮ ದಶಾವತಾರದ ಹಾಗೆಯೇ ಅಲ್ಲವೇ? (ಧಾರವಾಡದ ಓದುಗರು)

ಉತ್ತರ: ಆ ಪದ ನಮಗೆ ದೊಡ್ಡ ಉಪಕಾರ ಮಾಡಿದೆ ಸರ್. ದೇವರು ಕೆಳಗೆ ಇಳಿದು ಬರುತ್ತಾರೆ ಅನ್ನುವುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯೊವಾನ್ನ ಬರೆದ ಗ್ರೀಕ್ ಮಾತು ಮಾತ್ರ ಇನ್ನೂ ಒರಟು. ವಾಕ್ಯ ಮಾಂಸವಾಯಿತು, ನಮ್ಮ ನಡುವೆ ಗುಡಾರ ಹಾಕಿತು ಅನ್ನುತ್ತಾನೆ. ದಶಾವತಾರದಲ್ಲಿ ಒಂದಾದ ಮೇಲೆ ಒಂದು ಅವತಾರ ಬರುತ್ತದೆ. ಕ್ರೈಸ್ತರ ನಂಬಿಕೆಯಲ್ಲಿ ಇದು ಒಂದೇ ಸಲ, ಮತ್ತು ತೆಗೆದುಕೊಂಡ ಮನುಷ್ಯತ್ವವನ್ನು ಅವರು ಮತ್ತೆ ಕಳಚಿಡಲಿಲ್ಲ. ಸತ್ತು ಎದ್ದ ಮೇಲೂ ಕೈಯ ಗಾಯ ತೋರಿಸಿದರು, ಸುಟ್ಟ ಮೀನು ತಿಂದರು.

ಪ್ರಶ್ನೆ: ಏಳು ವರ್ಷದ ಮಗಳು, "ಯೇಸುಸ್ವಾಮಿಗೆ ಎಲ್ಲಾ ಗೊತ್ತಿತ್ತಲ್ಲ, ಮತ್ತೆ ಅವರ ಅಮ್ಮ ಮಾತು ಕಲಿಸಿದ್ರಾ? ಅವರಿಗೂ ಸುಸ್ತಾಗ್ತಿತ್ತಾ?" ಅಂತ ಕೇಳುತ್ತಾಳೆ. ಏನು ಹೇಳಲಿ? (ಬೆಂಗಳೂರಿನ ತಾಯಿ)

ಉತ್ತರ: ಅಮ್ಮನೇ ಕಲಿಸಿದರು ಅಂತ ಧೈರ್ಯವಾಗಿ ಹೇಳಿ. ಬಾಲಕ ಯೇಸು ಬುದ್ಧಿಯಲ್ಲೂ ಎತ್ತರದಲ್ಲೂ ಬೆಳೆಯುತ್ತಾ ಬಂದರು ಎಂದು ಲೂಕ ಬರೆದಿದ್ದಾನೆ. ಬೆಳೆಯುವವರು ಕಲಿಯಲೇಬೇಕು. ಸುಸ್ತಿಗೆ ದೋಣಿಯ ಕಥೆ ಓದಿ ಹೇಳಿ. ಬಿರುಗಾಳಿ ಎದ್ದಿದೆ, ದೋಣಿಗೆ ನೀರು ನುಗ್ಗುತ್ತಿದೆ, ಇವರು ಹಿಂದುಗಡೆ ತಲೆದಿಂಬು ಇಟ್ಟುಕೊಂಡು ಮಲಗಿದ್ದಾರೆ. ಎಬ್ಬಿಸಿದ ಮೇಲೆ ಎದ್ದು ಗಾಳಿಯನ್ನು ಗದರಿಸುತ್ತಾರೆ, ಗಾಳಿ ನಿಲ್ಲುತ್ತದೆ. ಮಾರ್ಕ, 4ನೇ ಅಧ್ಯಾಯ, 35ನೇ ವಚನದಿಂದ ಕೊನೆಯವರೆಗೆ. ಆಮೇಲೆ ಅವಳಿಗೆ ಒಂದು ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ಬರೆಯಲು ಹೇಳಿ. ನನ್ನ ತರಗತಿಯ ಮಕ್ಕಳು ಯಾವಾಗಲೂ ಮೊದಲು ಬರೆಯುತ್ತಿದ್ದದ್ದು ಆ ದಿಂಬನ್ನೇ.