ಕ್ಲಚ್ ತುಳಿಯದೆ ಸೆಲ್ಫ್ ಹೊಡೆಯುವಂತೆ ಮಾಡಬಹುದು, ಆದರೆ ವೈರ್ ಕೂಡಿಸಿ ಬಿಡಬೇಡಿ

ನೀವು ಕೇಳಿರುವುದು ಇಷ್ಟು. ನಿಮ್ಮದು 1999ರ ಟೊಯೋಟಾ ಟಕೋಮಾ ಪಿಕಪ್, ವಿ6 ಎಂಜಿನ್, ಐದು ಗೇರಿನ ಮ್ಯಾನುಯಲ್, ಫೋರ್ ವೀಲ್ ಡ್ರೈವ್. ಕ್ಯಾಲಿಫೋರ್ನಿಯಾದಲ್ಲಿದ್ದೀರಿ, ಬರುವ ಬೇಸಿಗೆಗೆ ಅಲ್ಲಿನ ಬಂಡೆಗಳ ಆಫ್ ರೋಡ್ ದಾರಿಯಾದ ರುಬಿಕಾನ್ ಟ್ರೇಲ್‌ಗೆ ಹೋಗಬೇಕೆಂದಿದ್ದೀರಿ. ಕ್ಲಚ್ ತುಳಿಯದೆ ಸೆಲ್ಫ್ ಹೊಡೆಯದಂತೆ ಪೆಡಲಿನ ಹತ್ತಿರ ಒಂದು ಸ್ವಿಚ್ ಇರುತ್ತದೆ, ಅದೇ ಕ್ಲಚ್ ಸ್ವಿಚ್. ಕಡಿದಾದ ಏರಿನಲ್ಲಿ ಎಂಜಿನ್ ಆಫ್ ಆದರೆ ಕ್ಲಚ್ ತುಳಿದ ಕೂಡಲೇ ಗಾಡಿ ಹಿಂದಕ್ಕೆ ಜಾರುತ್ತದೆ ಎಂಬ ಭಯ. ಜೊತೆಯವರು "ಕ್ಲಚ್ ಸ್ವಿಚ್ಚಿನ ಎರಡೂ ವೈರ್ ಕತ್ತರಿಸಿ ಒಂದಕ್ಕೊಂದು ತಿರುಚಿ ಟೇಪ್ ಸುತ್ತಿಬಿಡು" ಎಂದಿದ್ದಾರೆ. ಹಾಗೆ ಮಾಡಬಹುದೇ?

ನಿಮ್ಮ ಭಯ ಸರಿಯಾದದ್ದೇ. ಅವರು ಹೇಳಿದ ದಾರಿ ಮಾತ್ರ ಬೇಡ. ನಾನೂ ಅದೇ ಕಾಲದ ಟಕೋಮಾ ಓಡಿಸುತ್ತೇನೆ, ಅದರ ವೈರಿಂಗ್ ಕೆಲಸ ಎಲ್ಲ ನಾನೇ ಮಾಡಿಕೊಳ್ಳುತ್ತೇನೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಸ್ಟೀರಿಂಗ್ ಸುತ್ತಲಿನ ಡ್ಯಾಶ್‌ಬೋರ್ಡನ್ನು ಇನ್ನೊಮ್ಮೆ ನೋಡಿ. ಮ್ಯಾನುಯಲ್ ಗೇರಿನ ಎಷ್ಟೋ ಟೊಯೋಟಾ ಫೋರ್ ವೀಲ್ ಡ್ರೈವ್ ಪಿಕಪ್‌ಗಳಲ್ಲಿ ಕಂಪನಿಯೇ 'ಕ್ಲಚ್ ಸ್ಟಾರ್ಟ್ ಕ್ಯಾನ್ಸಲ್' ಎಂಬ ಬಟನ್ ಕೊಟ್ಟಿದೆ. ಇಗ್ನಿಷನ್ ಆನ್ ಮಾಡಿ ಅದನ್ನು ಒತ್ತಿದರೆ ದೀಪ ಹತ್ತುತ್ತದೆ, ಆಮೇಲೆ ಕ್ಲಚ್ ತುಳಿಯದೆ ಸೆಲ್ಫ್ ಹೊಡೆಯಬಹುದು. ಕೀ ಆಫ್ ಮಾಡಿದರೆ ತಾನಾಗಿ ರದ್ದಾಗುತ್ತದೆ. ಜೀಪ್‌ನವರು ರಾಂಗ್ಲರ್ ಜೆಕೆಯಲ್ಲಿ ಇದನ್ನೇ ಬೇರೆ ರೀತಿ ಮಾಡಿದರು: ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) 4ಲೋದಲ್ಲಿ, ಅಂದರೆ ವೇಗ ಕಡಿಮೆ, ಎಳೆತ ಜಾಸ್ತಿ ಇರುವ ಲೋ ರೇಂಜ್‌ನಲ್ಲಿದ್ದರೆ ಕ್ಲಚ್ ತುಳಿದರೂ ಬಿಟ್ಟರೂ ಎಂಜಿನ್ ಸ್ಟಾರ್ಟ್ ಆಗುತ್ತದೆ. ಅಂದರೆ ಇದು ಕಳ್ಳದಾರಿಯೇನಲ್ಲ, ಕಂಪನಿಗಳೇ ಒಪ್ಪಿಕೊಂಡಿರುವ ಅಗತ್ಯ. ಆದರೆ ಎರಡೂ ಕಂಪನಿಗಳು ಒಂದೊಂದು ಕಟ್ಟುಪಾಡು ಇಟ್ಟುಕೊಂಡಿವೆ ನೋಡಿ. ಒಂದರಲ್ಲಿ ಚಾಲಕ ಬೇಕೆಂದೇ ಬಟನ್ ಒತ್ತಬೇಕು, ಇನ್ನೊಂದರಲ್ಲಿ 4ಲೋ ಹಾಕಿರಬೇಕು. ನಿಮ್ಮ ಮಾರ್ಪಾಟಿನಲ್ಲೂ ಅಂಥದ್ದೊಂದು ಇರಲೇಬೇಕು.

ಏರಿನಲ್ಲಿ ಆಗುವುದೇನು ಅಂತ ಹೇಳುತ್ತೇನೆ. ರುಬಿಕಾನ್ ಸ್ಪ್ರಿಂಗ್ಸ್ ದಾಟಿ ತಾಹೋ ಸರೋವರದ ಕಡೆಗೆ ಹೊರಟರೆ ಕ್ಯಾಡಿಲಾಕ್ ಹಿಲ್ ಹತ್ತಬೇಕು. ಬಂಡೆ, ಬೇರು, ಬಿಗಿ ತಿರುವು. ಅಲ್ಲಿ ಮುಂದಿನ ಚಕ್ರ ಒಂದು ಕಲ್ಲಿಗೆ ಒತ್ತಿಕೊಂಡು ಎಂಜಿನ್ ಆಫ್ ಆಯಿತು ಅನ್ನಿ. ಬಲಗಾಲು ಬ್ರೇಕ್ ಮೇಲೆ, ಎಡಗಾಲು ಕ್ಲಚ್ ಮೇಲೆ. ಈಗ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಡಬೇಕೆಂದರೆ ಬಲಗಾಲನ್ನು ಬ್ರೇಕಿನಿಂದ ತೆಗೆಯಲೇಬೇಕು. ನಮ್ಮ ಟಕೋಮಾದ ಹ್ಯಾಂಡ್ ಬ್ರೇಕ್ ಡ್ಯಾಶ್ ಕೆಳಗಿನಿಂದ ಎಳೆಯುವ, ತಿರುಗಿಸಿ ಬಿಡುವ ಹಿಡಿಕೆ. ಹದವಾಗಿ ಬಿಡಲು ಅದು ಒಗ್ಗುವುದಿಲ್ಲ. ಜೊತೆಗೆ ಎಂಜಿನ್ ನಿಂತ ಮೇಲೆ ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿನಲ್ಲಿ ಉಳಿಯುವ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟಕ್ಕೆ ಮಾತ್ರ. ಗಾಬರಿಯಲ್ಲಿ ಬ್ರೇಕನ್ನು ಪಂಪ್ ಮಾಡಿದರೆ ಪೆಡಲ್ ಕಲ್ಲಿನಂತಾಗುತ್ತದೆ. ಆ ಹೊತ್ತಿನಲ್ಲಿ ಕ್ಲಚ್ ತುಳಿದರೆ ಚಕ್ರಕ್ಕೂ ಎಂಜಿನ್ನಿಗೂ ಇದ್ದ ಹಿಡಿತ ತಪ್ಪುತ್ತದೆ, ಎರಡು ಟನ್ ತೂಕವನ್ನು ಬ್ರೇಕ್ ಒಂದೇ ತಡೆಯಬೇಕು.

ಕ್ಲಚ್ ಮುಟ್ಟದೆ, ಗೇರಿನಲ್ಲೇ ಸೆಲ್ಫ್ ಹೊಡೆದರೆ ಕಥೆ ಬೇರೆ. ನಿಮ್ಮ ಗೇರ್‌ಬಾಕ್ಸಿನ ಫಸ್ಟ್ ಗೇರಿನ ಅನುಪಾತ 3.83, ಟ್ರಾನ್ಸ್‌ಫರ್ ಕೇಸಿನ ಲೋ 2.57, ಡಿಫರೆನ್ಷಿಯಲ್ 4.10 ಇದ್ದರೆ ಮೂರನ್ನೂ ಗುಣಿಸಿದಾಗ ಸುಮಾರು 40. ಸೆಲ್ಫ್ ಮೋಟರ್ ಎಂಜಿನ್ನನ್ನು ನಿಮಿಷಕ್ಕೆ 200 ಸುತ್ತು ತಿರುಗಿಸಿದರೆ ಚಕ್ರ ಐದೇ ಸುತ್ತು. 31 ಇಂಚಿನ ಟೈರಿಗೆ ಲೆಕ್ಕ ಹಾಕಿದರೆ ಗಂಟೆಗೆ ಮುಕ್ಕಾಲು ಕಿಲೋಮೀಟರ್ ವೇಗ. ಗಾಡಿ ಇರುವೆಯಂತೆ ಮುಂದೆ ತೆವಳುತ್ತದೆ, ಅಷ್ಟರಲ್ಲಿ ಎಂಜಿನ್ ಹತ್ತಿಕೊಳ್ಳುತ್ತದೆ, ಐಡಲ್‌ನಲ್ಲೇ ಗಂಟೆಗೆ ಮೂರು ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಏರುತ್ತದೆ. ಹಿಂದಕ್ಕೆ ಒಂದಿಂಚೂ ಜಾರುವುದಿಲ್ಲ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಆಫ್ ರೋಡ್ ತರಬೇತಿಯಲ್ಲಿ ಇದನ್ನು 'ಕೀ ಸ್ಟಾರ್ಟ್' ಎಂದು ಪಾಠವಾಗಿಯೇ ಹೇಳಿಕೊಡುತ್ತಾರೆ. ಕ್ಲಚ್ ಸ್ವಿಚ್ಚೇ ಇಲ್ಲದ ಹಳೇ ಗಾಡಿಗಳಲ್ಲಿ ಇದಕ್ಕೆ ಏನೂ ಮಾಡಬೇಕಾಗಿರಲಿಲ್ಲ.

ಈಗ ವೈರ್ ಕೂಡಿಸುವ ಮಾತು. ಕೂಡಿಸಿದ ವೈರ್ ಟ್ರೇಲ್ ಮುಗಿದರೂ ಕೂಡಿಕೊಂಡೇ ಇರುತ್ತದೆ. ನಾವೆಲ್ಲ ಗಾಡಿಯನ್ನು ಗೇರಿನಲ್ಲೇ ನಿಲ್ಲಿಸುತ್ತೇವೆ. ಮನೆ ಮುಂದೆ ಮಗು ಸೀಟಿನ ಮೇಲೆ ಹತ್ತಿ ಕೀ ತಿರುಗಿಸಬಹುದು, ಅಥವಾ ಯಾರೋ ಕಿಟಕಿಯಿಂದ ಕೈ ಹಾಕಿ "ಸ್ಟಾರ್ಟ್ ಆಗುತ್ತಾ ನೋಡೋಣ" ಎನ್ನಬಹುದು. ಆಗ ಗಾಡಿ ಹೈ ರೇಂಜ್‌ನಲ್ಲಿ, ಅಂದರೆ ರಸ್ತೆಯಲ್ಲಿ ಓಡಿಸುವ ಮಾಮೂಲಿ ಸ್ಥಿತಿಯಲ್ಲಿರುತ್ತದೆ. ಮೇಲಿನ ಲೆಕ್ಕದ 40ರ ಜಾಗದಲ್ಲಿ 15.7 ಬರುತ್ತದೆ. ಎಂಜಿನ್ ಹತ್ತಿಕೊಂಡರೆ ಐಡಲ್‌ನಲ್ಲೇ ಗಂಟೆಗೆ ಏಳು ಕಿಲೋಮೀಟರ್, ಬ್ರೇಕ್ ಮೇಲೆ ಯಾರ ಕಾಲೂ ಇಲ್ಲ. ಮುಂದೆ ಗ್ಯಾರೇಜಿನ ಬಾಗಿಲಿದ್ದರೆ ಬಾಗಿಲು ಹೋಯಿತು, ಮನುಷ್ಯರಿದ್ದರೆ ಹೇಳುವುದೇ ಬೇಡ. ಗಾಡಿ ಮಾರಿದಾಗ ಕೊಂಡವರಿಗೆ ಈ ವಿಷಯ ಗೊತ್ತೇ ಇರುವುದಿಲ್ಲ. ದಯವಿಟ್ಟು ಆ ಕೆಲಸ ಮಾಡಬೇಡಿ.

ಸ್ವಿಚ್ ಹುಡುಕಲು ಚಾಲಕನ ಕಡೆ ನೆಲದ ಮೇಲೆ ಅಂಗಾತ ಮಲಗಿ ಟಾರ್ಚ್ ಹಾಕಿ ನೋಡಬೇಕು. ಕ್ಲಚ್ ಪೆಡಲಿನ ತೋಳಿನ ಹತ್ತಿರ ಎರಡು ಕಡೆ ಗಮನಿಸಿ. ಪೆಡಲ್ ಪೂರ್ತಿ ಒಳಗೆ ಹೋದಾಗ ಒತ್ತಲ್ಪಡುವುದು ಸ್ಟಾರ್ಟ್ ಸ್ವಿಚ್. ಪೆಡಲ್ ಮೇಲೆ ಬಂದು ನಿಂತಾಗ ತಾಗಿಕೊಂಡಿರುವುದು ಕ್ರೂಸ್ ಕಂಟ್ರೋಲ್ ಇರುವ ಗಾಡಿಗಳಲ್ಲಿ ಅದನ್ನು ಬಿಡಿಸುವ ಸ್ವಿಚ್. ಈ ಕ್ರೂಸ್ ಸ್ವಿಚ್ಚಿಗೆ ಕೈ ಹಾಕಬೇಡಿ, ಹೈವೇಯಲ್ಲಿ ಕ್ಲಚ್ ತುಳಿದರೂ ಕ್ರೂಸ್ ಬಿಡದೇ ಹೋದೀತು. ಹಾಗೇ ಸ್ಟಾರ್ಟ್ ಸ್ವಿಚ್ಚಿನ ಮೂತಿಗೆ ಒತ್ತುವ, ಪೆಡಲಿನ ತೋಳಿಗೆ ಸಿಕ್ಕಿಸಿರುವ ಬೆರಳ ತುದಿಯಷ್ಟಗಲದ ಬಿಲ್ಲೆಯನ್ನೂ ನೋಡಿ. ಇಷ್ಟು ವರ್ಷ ಹಳೆಯ ಗಾಡಿಯಲ್ಲಿ ಅದು ಒಣಗಿ ಪುಡಿಯಾಗಿ ಮ್ಯಾಟ್ ಮೇಲೆ ಬಿದ್ದಿರುತ್ತದೆ. ಆಗ ಸ್ವಿಚ್ಚಿನ ಮೂತಿ ಆ ತೂತಿನೊಳಕ್ಕೆ ಹೋಗಿ ಕ್ಲಚ್ ಎಷ್ಟು ತುಳಿದರೂ ಸೆಲ್ಫ್ ಹೊಡೆಯುವುದಿಲ್ಲ. ಕಾಡಿನ ಮಧ್ಯೆ ಹಾಗಾದರೆ ಬ್ಯಾಟರಿ ಹೋಯಿತು, ಸೆಲ್ಫ್ ಮೋಟರ್ ಹೋಯಿತು ಎಂದು ಅರ್ಧ ದಿನ ತಡಕಾಡುತ್ತಾರೆ. ಹೊಸ ಬಿಲ್ಲೆಗೆ ಬಿಡಿಗಾಸು ಸಾಕು, ಈಗಲೇ ಹಾಕಿಬಿಡಿ.

ವಿದ್ಯುತ್ತಿನ ದಾರಿ ಸರಳ. ಕೀ ಸ್ಟಾರ್ಟ್ ಜಾಗಕ್ಕೆ ಬಂದಾಗ ಹೊರಡುವ ಕರೆಂಟ್ ಈ ಸ್ವಿಚ್ ದಾಟಿ ಸ್ಟಾರ್ಟರ್ ರಿಲೇಯ ಕಾಯಿಲ್‌ಗೆ ಹೋಗುತ್ತದೆ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ಬೇರೊಂದು ಲೈನನ್ನು ಕೂಡಿಸುವ ಸ್ವಿಚ್. ಕಾಯಿಲ್ ಎಳೆಯುವ ಕರೆಂಟ್ ತೀರಾ ಕಡಿಮೆ, ಒಂದು ಆಂಪಿಯರಿನ ಸಣ್ಣ ಪಾಲು. ಆದ್ದರಿಂದ ದಪ್ಪ ವೈರ್ ಬೇಕಿಲ್ಲ. ಕಂಪನಿಯ ವೈರನ್ನು ಕತ್ತರಿಸದೆ, ಸ್ವಿಚ್ಚಿನ ಎರಡು ಪಿನ್ನಿಗೆ ಸಮಾನಾಂತರವಾಗಿ ಎರಡು ವೈರ್ ತಂದು ಮಧ್ಯೆ ನಿಮ್ಮ ಸ್ವಿಚ್ ಹಾಕಿದರೆ ಕೆಲಸ ಆಗುತ್ತದೆ. ಹಳೇ ಕ್ಲಚ್ ಸ್ವಿಚ್ ಎಂದಿನಂತೆ ನಡೆಯುತ್ತಲೇ ಇರುತ್ತದೆ.

ಆ ನಿಮ್ಮ ಸ್ವಿಚ್ ಯಾವುದಾಗಿರಬೇಕು ಎಂಬುದೇ ಇಲ್ಲಿ ಮುಖ್ಯ. ಆನ್ ಮಾಡಿದರೆ ಆನ್ ಆಗಿಯೇ ಉಳಿಯುವ ಮಾಮೂಲಿ ಟಾಗಲ್ ಬೇಡ, ಟ್ರೇಲ್ ಮುಗಿಸಿ ಸುಸ್ತಾದವರಿಗೆ ಅದನ್ನು ಆಫ್ ಮಾಡುವ ನೆನಪಿರುವುದಿಲ್ಲ. ಒತ್ತಿ ಹಿಡಿದಾಗ ಮಾತ್ರ ಕೂಡಿಕೊಳ್ಳುವ ಪುಶ್ ಬಟನ್ನೇ ಎಲ್ಲಕ್ಕಿಂತ ಸುಲಭ: ಎಡಗೈಯಲ್ಲಿ ಬಟನ್, ಬಲಗೈಯಲ್ಲಿ ಕೀ. ಆದರೆ ಅಂಥ ಏರಿನಲ್ಲಿ ಸ್ಟೀರಿಂಗ್ ಹಿಡಿಯಲು ಒಂದು ಕೈಯಾದರೂ ಬೇಕು. ಅದಕ್ಕೇ ನಾನು ರಿಲೇ ಹಾಕಿ ಟೊಯೋಟಾ ಬಟನ್ನಿನ ಗುಣವನ್ನೇ ತಂದುಕೊಂಡಿದ್ದೇನೆ. ಎರಡು ಜೋಡಿ ಕಾಂಟ್ಯಾಕ್ಟ್ ಇರುವ 12 ವೋಲ್ಟಿನ ರಿಲೇ ತೆಗೆದುಕೊಳ್ಳಿ. ಬಟನ್ ಒಮ್ಮೆ ಒತ್ತಿದರೆ ರಿಲೇ ಎಳೆಯುತ್ತದೆ, ಮೊದಲ ಜೋಡಿ ಕಾಂಟ್ಯಾಕ್ಟ್ ಇಗ್ನಿಷನ್ ಕರೆಂಟನ್ನು ರಿಲೇಗೇ ಕೊಟ್ಟು ಅದನ್ನು ಹಿಡಿದಿಡುತ್ತದೆ. ಎರಡನೇ ಜೋಡಿ ಕ್ಲಚ್ ಸ್ವಿಚ್ಚಿನ ಎರಡು ಪಿನ್ನುಗಳನ್ನು ಕೂಡಿಸುತ್ತದೆ. ಕೀ ಆಫ್ ಮಾಡಿದರೆ ರಿಲೇ ಬಿಟ್ಟುಕೊಳ್ಳುತ್ತದೆ. ಕಾಯಿಲ್‌ಗೆ ಸಮಾನಾಂತರವಾಗಿ ಒಂದು ಚಿಕ್ಕ ದೀಪ ಸೇರಿಸಿ, ಆನ್ ಇದೆಯೆಂದು ಕಣ್ಣಿಗೆ ಕಾಣಬೇಕು.

ಇದರಲ್ಲಿ ಎರಡು ಕಡೆ ಜನ ಎಡವುತ್ತಾರೆ. ಖರ್ಚು ಉಳಿಸಲು ಒಂದೇ ಜೋಡಿ ಕಾಂಟ್ಯಾಕ್ಟಿನ ಸಾದಾ ರಿಲೇ ಹಾಕಿ, ಅದೇ ಕಾಂಟ್ಯಾಕ್ಟಿನಲ್ಲಿ ಎರಡೂ ಕೆಲಸ ಮಾಡಿಸಿದರೆ ಇಗ್ನಿಷನ್ ಕರೆಂಟ್ ನೇರ ಸ್ಟಾರ್ಟರ್ ರಿಲೇಗೆ ನುಗ್ಗುತ್ತದೆ. ಕೀ ತಿರುಗಿಸದೆಯೇ, ಬಟನ್ ಒತ್ತಿದ ಕ್ಷಣ ಸೆಲ್ಫ್ ಹೊಡೆದು ಗಾಡಿ ನಡೆಯುತ್ತದೆ, ಕೀ ಆಫ್ ಮಾಡುವವರೆಗೂ ನಿಲ್ಲುವುದಿಲ್ಲ. ಎರಡು ಜೋಡಿಗಳ ನಡುವೆ ಸಂಪರ್ಕವೇ ಇರಬಾರದು. ಇನ್ನೊಂದು, ಸೆಲ್ಫ್ ಹೊಡೆಯುವಾಗ ಗಾಡಿ ರೇಡಿಯೋ, ಬ್ಲೋವರ್ ಥರದ ಲೈನುಗಳನ್ನು ಆಫ್ ಮಾಡುತ್ತದೆ. ರಿಲೇಗೆ ಕರೆಂಟನ್ನು ಅಂಥ ಲೈನಿನಿಂದ ತೆಗೆದರೆ ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಮಲ್ಟಿಮೀಟರ್ ಹಿಡಿದು, ಸೆಲ್ಫ್ ಹೊಡೆಯುವಾಗಲೂ ಜೀವಂತ ಇರುವ ಇಗ್ನಿಷನ್ ಲೈನ್ ಹುಡುಕಿ, ಸಣ್ಣ ಫ್ಯೂಸ್ ಹಾಕಿ ತೆಗೆದುಕೊಳ್ಳಿ.

ಕೈ ಕುದುರಿದ್ದರೆ ರಿಲೇ ಕಾಯಿಲಿನ ಅರ್ತ್ ಅನ್ನು 4ಲೋ ಸ್ವಿಚ್ಚಿನ ಮೂಲಕ ಕೊಡಿ. ಆ ಸ್ವಿಚ್ ನಿಮ್ಮ ಗಾಡಿಯಲ್ಲಿ ಅರ್ತ್ ಕೊಡುತ್ತದೋ 12 ವೋಲ್ಟ್ ಕೊಡುತ್ತದೋ ಮೀಟರಿನಲ್ಲಿ ನೋಡಿಕೊಂಡೇ ಮುಂದುವರಿಯಿರಿ. ಇಷ್ಟಾದರೆ ಹೈ ರೇಂಜ್‌ನಲ್ಲಿ ಬಟನ್ ಒತ್ತಿದರೂ ಏನೂ ಆಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಮಾಡಿಯೇ ತೀರಬೇಕು ಎಂಬುದು ನನ್ನ ಅಭಿಪ್ರಾಯ. ರಿಮೋಟ್ ಸ್ಟಾರ್ಟ್ ಹಾಕಿಸಿದ್ದರೆ ಈ ಮಾರ್ಪಾಟಿನ ಯೋಚನೆಯನ್ನೇ ಬಿಡಿ.

ಬಳಸುವುದು ಹೀಗೆ. ಎಂಜಿನ್ ಆಫ್ ಆದ ಕೂಡಲೇ ಬ್ರೇಕ್ ಒಂದೇ ಸಲ ಗಟ್ಟಿಯಾಗಿ ಒತ್ತಿ, ಹಿಡಿದೇ ಇರಿ. ಹ್ಯಾಂಡ್ ಬ್ರೇಕ್ ಎಳೆಯಿರಿ. ದಾರಿ ತೋರಿಸಲು ಮುಂದೆ ನಿಂತವರನ್ನು ಪಕ್ಕಕ್ಕೆ ಕಳಿಸಿ, ಬಂಪರ್ ಹತ್ತಿರ ವಿಂಚ್ ಕೊಕ್ಕೆ ಹಾಕುತ್ತಾ ಯಾರೂ ಬಗ್ಗಿರಬಾರದು. 4ಲೋ, ಫಸ್ಟ್ ಗೇರ್, ಎಡಗಾಲು ನೆಲದ ಮೇಲೆ. ಬಟನ್ ಒತ್ತಿ, ದೀಪ ನೋಡಿ, ಹ್ಯಾಂಡ್ ಬ್ರೇಕ್ ಬಿಡಿ, ಸೆಲ್ಫ್ ಹೊಡೆಯಿರಿ. ಗಾಡಿ ಮುಂದಕ್ಕೆ ಎಳೆಯುವುದು ಮೈಗೆ ತಿಳಿದ ಮೇಲೆ ಕಾಲ ಬ್ರೇಕನ್ನು ನಿಧಾನ ಬಿಡಿ. ನಾಲ್ಕೈದು ಸೆಕೆಂಡಿನಲ್ಲಿ ಹತ್ತದಿದ್ದರೆ ನಿಲ್ಲಿಸಿ, ಮೋಟರ್ ಆರಲು ಒಂದು ನಿಮಿಷ ಕೊಡಿ. ಚಕ್ರ ಮೆಟ್ಟಿಲಿನಂಥ ಬಂಡೆಗೆ ಸಿಕ್ಕಿದ್ದರೆ ಸೆಲ್ಫ್ ಮೋಟರಿನಿಂದ ಹತ್ತಿಸಲು ಹೋಗಬೇಡಿ. ಬ್ರೇಕ್ ಹಿಡಿದೇ ಕ್ಲಚ್ ತುಳಿದು ರಿವರ್ಸ್ ಹಾಕಿ, ಕ್ಲಚ್ ಬಿಟ್ಟು, ರಿವರ್ಸಿನಲ್ಲೇ ಇದೇ ರೀತಿ ಸ್ಟಾರ್ಟ್ ಮಾಡಿ ಎಂಜಿನ್ ಬ್ರೇಕಿನ ಮೇಲೆ ಕೆಳಗಿಳಿಯಿರಿ. ನನಗೆ ಕೇಳಿದರೆ ಈ ಬಟನ್ನಿನ ದೊಡ್ಡ ಉಪಕಾರ ಇರುವುದು ಇಲ್ಲಿಯೇ. ಏರು ಹತ್ತಲಾಗದೆ ಹಿಂದಿರುಗುವಾಗಲೇ ಗಾಡಿಗಳು ಅಡ್ಡ ತಿರುಗಿ ಮಗುಚುವುದು.

ನೀರಿನ ಹಳ್ಳದಲ್ಲಿ ಎಂಜಿನ್ ಆಫ್ ಆದರೆ ಮಾತ್ರ ಇದನ್ನು ಮುಟ್ಟಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು, ಅಲ್ಲಿ ಗಾಡಿಯನ್ನು ಎಳೆಸಿಯೇ ಹೊರತರಬೇಕು. ಇನ್ನೂ ಒಂದು ವಿಷಯ: ಕ್ಲಚ್ ಸ್ವಿಚ್ ನೋಡುವುದು ಪೆಡಲನ್ನು, ಕ್ಲಚ್ಚನ್ನಲ್ಲ. ಕ್ಲಚ್ ಬಿಡಿಸಲು ತಳ್ಳುವ ಸ್ಲೇವ್ ಸಿಲಿಂಡರ್ ಸೋರಿ ಕ್ಲಚ್ ಬಿಡಿಸದಿದ್ದರೂ ಪೆಡಲ್ ಒಳಗೆ ಹೋದರೆ ಸೆಲ್ಫ್ ಹೊಡೆಯುತ್ತದೆ, ಗಾಡಿ ಗೇರಿನಲ್ಲಿದ್ದರೆ ನೆಗೆಯುತ್ತದೆ. ಆದ್ದರಿಂದ ಮಾರ್ಪಾಟು ಮಾಡಿದರೂ ಮಾಡದಿದ್ದರೂ ಸ್ಟಾರ್ಟ್ ಮಾಡುವ ಮುನ್ನ ಗೇರ್ ಲಿವರ್ ಅಲ್ಲಾಡಿಸಿ ನ್ಯೂಟ್ರಲ್ ನೋಡುವ ಅಭ್ಯಾಸ ಬಿಡಬೇಡಿ.

ಎಲ್ಲ ಜೋಡಿಸಿದ ಮೇಲೆ ಮೊದಲು ಸಮತಟ್ಟಾದ ಖಾಲಿ ಜಾಗದಲ್ಲಿ, ಗಾಡಿಯ ಮುಂದೆ ಹಿಂದೆ ಯಾರೂ ಇಲ್ಲದಾಗ ಪರೀಕ್ಷಿಸಿ. ಬಟನ್ ಒತ್ತದೆ, ಕ್ಲಚ್ ತುಳಿಯದೆ ಕೀ ತಿರುಗಿಸಿದರೆ ಏನೂ ಆಗಬಾರದು. ಬಟನ್ ಒತ್ತಿ, ಕೀ ಆಫ್ ಮಾಡಿ, ಮತ್ತೆ ಕೀ ತಿರುಗಿಸಿದರೂ ಏನೂ ಆಗಬಾರದು. ಇವೆರಡೂ ಸರಿ ಬಂದ ಮೇಲೆ ಸಣ್ಣ ದಿಬ್ಬದಲ್ಲಿ ಬೇಕೆಂದೇ ಎಂಜಿನ್ ಆಫ್ ಮಾಡಿ, ಫಸ್ಟ್ ಗೇರಿನಲ್ಲೂ ರಿವರ್ಸಿನಲ್ಲೂ ಕೈ ಕಾಲಿಗೆ ರೂಢಿಯಾಗುವವರೆಗೆ ಮಾಡಿ ನೋಡಿ. ವೈರ್ ಬಣ್ಣಗಳಲ್ಲಿ ಗೊಂದಲವಾದರೆ ಕನೆಕ್ಟರಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.