ಆ ಹಾಡು ಡಿಯಾನ್ ವಾರ್ವಿಕ್ ಅವರದ್ದಿರಬೇಕು

ನಿಮ್ಮ ತಂದೆಯವರ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಹಾಡೊಂದು ಎಷ್ಟು ಹುಡುಕಿದರೂ ಸಿಗುತ್ತಿಲ್ಲ, ಅದು ಯಾವುದೆಂದು ಕೇಳಿದ್ದೀರಿ. ಹೆಣ್ಣು ದನಿಯಲ್ಲಿರುವ, ಕುಣಿಸುವ ಲಯದ, ಆದರೆ ಲಾಸ್ ಏಂಜಲೀಸಿನಲ್ಲಿ ಬದುಕಲಾಗದೆ ಊರಿಗೆ ಹೊರಟವರ ಕಥೆ ಹೇಳುವ ಆ ಹಳೆಯ ಇಂಗ್ಲಿಷ್ ಹಾಡು ನಿಮಗೆ ಸಿಗದಿರಲು ಕಾರಣ, ಬಹುಶಃ ನೀವು ಲಾಸ್ ಏಂಜಲೀಸ್ ಎಂಬ ಹೆಸರಿನಿಂದ ಹುಡುಕಿರುವುದು. ಶೀರ್ಷಿಕೆಯಲ್ಲಿರುವುದು ಮರಳಿ ಹೋಗಬೇಕಾದ ಊರಿನ ಹೆಸರು.

ಮೊದಲು ‘ಡು ಯು ನೋ ದ ವೇ ಟು ಸ್ಯಾನ್ ಹೋಸೆ’ ಎಂದು, ಕೊನೆಯ ಪದವನ್ನು ಇಂಗ್ಲಿಷಿನ ಜೆ ಅಕ್ಷರದಿಂದ ಬರೆದು, ಗಾಯಕಿ ಡಿಯಾನ್ ವಾರ್ವಿಕ್ ಅವರ ಹೆಸರಿನೊಂದಿಗೆ ಹುಡುಕಿರಿ. ಬರ್ಟ್ ಬ್ಯಾಕರಾಕ್ ಸಂಗೀತ ಮತ್ತು ಹಾಲ್ ಡೇವಿಡ್ ಸಾಹಿತ್ಯವಿರುವ 1968ರ ಮೂಲ ಧ್ವನಿಮುದ್ರಣವನ್ನೇ ಆರಿಸಿಕೊಳ್ಳಿ. ನಂತರದ ವೇದಿಕೆಯ ಆವೃತ್ತಿಗಳಿಂದ ಗೊಂದಲವಾಗುತ್ತದೆ.

ಬಳಿಕ ಎರಡು ಗುರುತುಗಳನ್ನು ನೋಡಿರಿ. ನೀವು ಬರೆದಿರುವ ‘ವೋ ವೋ’ ಎಂಬ ಸಹಗಾಯನ ಇದರಲ್ಲಿದೆ. ನೂರು ಡಾಲರ್ ಮುಂಗಡ ಕೊಟ್ಟು ಕಾರು ಕೊಂಡರೆ ಒಂದೆರಡು ವಾರಗಳಲ್ಲಿ ತಾರೆಯಾಗಬಹುದೆಂದು ಆಸೆ ತೋರಿಸಿ, ವಾರಗಳು ವರ್ಷಗಳಾದ ಮೇಲೆ, ತಾರೆಯಾಗದೆ ಉಳಿದವರೆಲ್ಲ ಪರರ ಕಾರು ನಿಲ್ಲಿಸಿಕೊಡುತ್ತ, ಪೆಟ್ರೋಲ್ ತುಂಬಿಸುತ್ತ ಇದ್ದಾರೆ ಎಂಬ ಸಾಲುಗಳು ನಡುವೆ ಬರುತ್ತವೆ. ಇಷ್ಟು ಕಹಿಯಾದ ಮಾತನ್ನು ಆಕೆ ಏನೂ ಆಗಿಲ್ಲವೆಂಬಂತೆ ಹಗುರವಾಗಿ ಹಾಡಿರುವುದರಿಂದ, ಮೊದಲ ಸಲ ಕೇಳುವವರಿಗೆ ಅದು ಕಿವಿಗೆ ಬೀಳದೆಯೂ ಹೋಗಬಹುದು.

ನಿಮ್ಮ ತಂದೆಯವರ ಕ್ಯಾಸೆಟ್ಟಿನಲ್ಲಿದ್ದದ್ದು ಇದೇ ದನಿಯೆಂದು ಖಚಿತವಾಗಿ ಹೇಳಲಾರೆ, ಏಕೆಂದರೆ ಇದನ್ನು ಬೇರೆಯವರೂ ಹಾಡಿದ್ದಾರೆ. ಸಾಲುಗಳು ಹೊಂದಿ ದನಿ ಮಾತ್ರ ಬೇರೆಯೆನಿಸಿದರೆ, ಗಾಯಕಿಯ ಹೆಸರು ಬಿಟ್ಟು ಶೀರ್ಷಿಕೆಯಿಂದಷ್ಟೇ ಮತ್ತೊಮ್ಮೆ ಹುಡುಕಿರಿ.